ಹೊಸ ಹಲ್ಲಿನ ಕಲೆ

ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ದಂತವೈದ್ಯೆ ಯಂತ್ರ ನಿಲ್ಲಿಸಿ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದಳು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಅವಳದೇ ಮಗಳು. ಹೊಸದಾಗಿ ಬಂದ ಮುಂದಿನ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಬಿಳಿ ಪಟ್ಟೆ, ನಡುವೆ ಕಂದು ಚುಕ್ಕೆ. ಇದು ಕೊಳೆಯಲ್ಲ. ಹಲ್ಲು ವಸಡಿನೊಳಗೆ ಬೆಳೆಯುವಾಗಲೇ ಮೈಗೆ ಫ್ಲೋರೈಡ್ ಅತಿಯಾಗಿ ಸೇರಿದ್ದರ ಗುರುತು. ಆದರೆ ಮನೆಯ ನೀರನ್ನು ಅವಳೇ ಪರೀಕ್ಷೆ ಮಾಡಿಸಿದ್ದಳು, ಅದರಲ್ಲಿ ದೋಷವಿರಲಿಲ್ಲ. ಮನೆಯಲ್ಲಿ ಫ್ಲೋರೈಡ್ ಇದ್ದ ಇನ್ನೊಂದು ವಸ್ತುವೆಂದರೆ ಹಲ್ಲುಜ್ಜುವ ಪೇಸ್ಟ್.

"ಚಿನ್ನಾ, ಪೇಸ್ಟ್ ಏನಾದ್ರೂ ನುಂಗ್ತೀಯಾ?"

"ಹೂಂ, ಚಿಕ್ಕವಳಿದ್ದಾಗಿಂದ!" ಮಗಳು ಬೀಗಿದಳು. "ಅದು ಹಲ್ಲಿಗೆ ಔಷಧ ಅಂತ ನೀನೇ ಹೇಳಿದ್ದಲ್ವಾ ಅಮ್ಮಾ? ಔಷಧಾನ ಯಾರಾದ್ರೂ ಉಗುಳ್ತಾರಾ?"

ತಾಯಿಯ ಕೈಯಲ್ಲಿದ್ದ ಪುಟ್ಟ ಕನ್ನಡಿ ಟ್ರೇಯೊಳಗೆ ಠಣ್ಣೆಂದು ಬಿತ್ತು. ಆ ಸದ್ದಿಗೆ, ಮೂಲೆಯಲ್ಲಿ ಆಡುತ್ತಿದ್ದ ಮೂರು ವರ್ಷದ ಮಗ ತಲೆಯೆತ್ತಿ ಹಾಲುಹಲ್ಲುಗಳನ್ನೆಲ್ಲ ತೋರಿಸಿ ನಕ್ಕ. ಒಂದರಲ್ಲೂ ಕಲೆಯಿರಲಿಲ್ಲ. ಅವನ ಹೊಸ ಹಲ್ಲುಗಳು ವಸಡಿನೊಳಗೆ ಇನ್ನೂ ಬೆಳೆಯುತ್ತಿದ್ದವು.

"ಇವನು ಮೊದಮೊದಲು ಉಗುಳಿಬಿಡ್ತಿದ್ದ ಅಮ್ಮಾ," ಎಂದಳು ಅಕ್ಕ. "ಈಗ ದಿನಾ ನಾನೇ ನುಂಗಿಸ್ತೀನಿ. ನೀನು ನನಗೆ ಜ್ವರದ ಸಿರಪ್ ಕುಡಿಸೋ ಹಾಗೇನೇ, ಮೂಗು ಹಿಡಿದು."