ಇಲಿಗೆ ಸಾಲುವಷ್ಟು

ಹಿಂದೂಪುರದ ಆಸ್ಪತ್ರೆಯಲ್ಲಿ ಮಲಗಿದ್ದ ಪದ್ಮಾವತಮ್ಮ ಮಗಳು ಹರಿತಾಳ ಮುಂದೆ ತೋಳು ಚಾಚಿದರು. “ಡಾಕ್ಟ್ರು ಕೈಚೆಲ್ಲವ್ರೆ. ನಿನ್ನ ಔಷಧೀನೇ ಹಾಕು ಕಣಮ್ಮ.”

ಕ್ಯಾನ್ಸರ್ ಗಡ್ಡೆಗೆ ಔಷಧಿ ಹೊತ್ತೊಯ್ಯುವ ನ್ಯಾನೋ ಕಣಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದು ಹರಿತಾಳ ಪಿಎಚ್‌ಡಿ ವಿಷಯ. ಐದು ವರ್ಷ ಕಳೆದಿದ್ದರೂ, ಚಿಕ್ಕ ಸೀಸೆಯಲ್ಲಿ ಸರಿಯಾಗಿ ಬರುವ ಕಣಗಳು ದೊಡ್ಡ ಪಾತ್ರೆಯಲ್ಲಿ ಪ್ರತಿ ಸಲವೂ ಗಂಟುಕಟ್ಟುತ್ತಿದ್ದವು.

“ಇಲಿಗೆ ಸಾಲೋವಷ್ಟೇ ಮಾಡಕ್ಕಾಗ್ತದಮ್ಮ. ಇದನ್ನ ಮನುಷ್ಯರಿಗೆ ಇನ್ನೂ ಯಾರೂ ಕೊಟ್ಟಿಲ್ಲ.”

“ನಾನೂ ಈಗ ಇಲಿಯಷ್ಟೇ ಇದೀನಿ, ನೋಡು.”

ಹರಿತಾ ಆ ತೋಳು ಹಿಡಿದಳು. ಅವಳ ಹೆಬ್ಬೆರಳು, ನಡುಬೆರಳು ಸುತ್ತಿಬಂದು ಒಂದಕ್ಕೊಂದು ತಾಗಿದವು. ಕೊಡಬಾರದೆಂದು ಗೊತ್ತಿದ್ದೂ, ಇಷ್ಟು ತೂಕಕ್ಕೆ ಎಷ್ಟು ಸೀಸೆ ಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದೇ ಇಂಜೆಕ್ಷನ್ನಿಗೆ ಸಾಲುವಷ್ಟು ತಯಾರಿಸಲು ಎಂಟು ತಿಂಗಳು ಬೇಕಿತ್ತು. ಅವಳು ಹೊದಿಕೆ ಎಳೆದು ಅಮ್ಮನ ತೋಳು ಮುಚ್ಚಿದಳು.