ಸುಡದ ಕತ್ತರಿ

"ತಮ್ಮನ ಕೈ ಬಿಡಲ್ಲ ಅಂತ ಮಾತು ಕೊಡು," ಎಂದು ಸಾಯುವ ಮುಂಚೆ ಅಮ್ಮ ಕೇಳಿದ್ದಳು. ಅಕ್ಕ ಕೊಟ್ಟಿದ್ದಳು. ಈಗ ಸಾಕ್ಷಿ ಕಟಕಟೆಯಲ್ಲಿ ನಿಂತ ಅವಳ ಎದುರು ಮೇಜಿನ ಮೇಲೆ, ಪೊಲೀಸರಿಗೆ ಅವಳ ಮನೆಯಲ್ಲಿ ಸಿಕ್ಕ ಅಮ್ಮನ ಕತ್ತರಿ ಇತ್ತು. ಹಿಡಿಗೆ ಸುತ್ತಿದ ಬಟ್ಟೆಯೂ ಕಮರಿರಲಿಲ್ಲ.

ವಿಮೆ ಹಣದಾಸೆಗೆ ತನ್ನ ಹೊಲಿಗೆ ಅಂಗಡಿಗೆ ತಾನೇ ಬೆಂಕಿ ಇಟ್ಟೆನೆಂದು ತಮ್ಮ ಒಪ್ಪಿಕೊಂಡಾಗಿತ್ತು. ಉಳಿದದ್ದು ಶಿಕ್ಷೆ ಎಷ್ಟು ಎನ್ನುವುದು. ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಮೇಲೆ ಅವನ ವಕೀಲ ಬಿಡಿಸಿ ಹೇಳಿದ್ದ: "ಉಪ್ಪು ತಿಂದಾಗಿದೆ ಅಕ್ಕ, ನೀರು ಕುಡೀಲೇಬೇಕು. ಲೋಟವೋ ಬಿಂದಿಗೆಯೋ ಅನ್ನೋದಷ್ಟೇ ಈಗ. ದಿಕ್ಕು ತೋಚದೆ ಆ ಗಳಿಗೇಲಿ ಮಾಡಿದ ಅಂದ್ರೆ ಕಮ್ಮಿ. ಮೊದಲೇ ಯೋಚ್ನೆ ಮಾಡಿ ಮಾಡಿದ ಅಂದ್ರೆ ಜಾಸ್ತಿ. ಕತ್ತರಿ ಯಾವಾಗ್ಲೂ ಮನೇಲೇ ಇರ್ತಿತ್ತು ಅಂದ್ಬಿಡಿ, ಸಾಕು."

ಮನೇಲಿ ಇರ್ತಿತ್ತಂತೆ! ಯಾವ ದರ್ಜಿ ಕತ್ತರಿ ಮನೆಯಲ್ಲಿಟ್ಟು ಅಂಗಡಿಗೆ ಹೋಗುತ್ತಾನೆ? ಅದರಲ್ಲಿ ಕಾಗದ ಕತ್ತರಿಸಿದರೂ ರೇಗುತ್ತಿದ್ದ ತಮ್ಮ, ಮಿಷನ್ನುಗಳನ್ನೆಲ್ಲ ಬೆಂಕಿಗೆ ಬಿಟ್ಟು ಅದೊಂದನ್ನು ಉಳಿಸಿಕೊಂಡಿದ್ದ.

"ಇದು ನಿಮ್ಮ ಮನೆಗೆ ಯಾವಾಗ ಬಂತಮ್ಮ?" ನ್ಯಾಯಾಧೀಶರು ಕೇಳಿದರು.

ತಮ್ಮ ಅವಳನ್ನೇ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಅಂಗಡಿಯ ಇಸ್ತ್ರಿಯವನು ಕೂತಿದ್ದ. ಬೆಂಕಿ ಬಿದ್ದ ರಾತ್ರಿ ಮನೆಗೆ ಹೋಗದೆ ಅಂಗಡಿಯ ಅಟ್ಟದಲ್ಲೇ ಮಲಗಿದ್ದವನು. ಸುಟ್ಟ ಬೆರಳುಗಳಿಗೆ ಅಂಗಿಯ ಗುಂಡಿ ಸಿಗದೆ, ಹೆಂಡತಿ ಹಾಕಲೆಂದು ಮಗುವಿನಂತೆ ಕತ್ತೆತ್ತಿ ಕೊಟ್ಟಿದ್ದ.

"ಬೆಂಕಿ ಬಿದ್ದ ಹಿಂದಿನ ದಿನ, ಸ್ವಾಮಿ," ಅಂದಳು ಅಕ್ಕ. "ಅವನೇ ತಂದ. ಜೋಪಾನವಾಗಿ ಇಟ್ಕೋ ಅಕ್ಕ, ಅಂದ."

ಅಮ್ಮನಿಗೆ ಕೊಟ್ಟ ಮಾತು ಅಲ್ಲಿಗೆ ಮುರಿಯಿತು.