ಹುಡುಗಿಯ ಎತ್ತರ

“ಹುಡುಗಿ ಎಂತ ಮಾಡಿಕೊಂಡಿದ್ದಾಳೆ?” ಚಾದ ಲೋಟ ಕೆಳಗಿಡುತ್ತ ಸತ್ಯವತಿ ಕೇಳಿದರು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಹುಡುಗನ ತಾಯಿ ಕೇಳಬೇಕಾದದ್ದೇ. ಹುಡುಗಿ ನಾಲ್ಕನೇ ವರ್ಷಕ್ಕೆ ಜ್ವರದಲ್ಲಿ ತೀರಿಕೊಂಡು ಇಪ್ಪತ್ತೇಳು ವರ್ಷ ಆಗಿತ್ತು, ಅಷ್ಟೇ. ಹುಡುಗನೂ ಆರನೇ ವರ್ಷಕ್ಕೆ ಹೊಳೆಪಾಲಾದವನು. ಸಣ್ಣದರಲ್ಲಿ ಹೋದ ಮಕ್ಕಳು ಅಲ್ಲಿಯೂ ಬೆಳೆಯುತ್ತಾರೆ, ಪ್ರಾಯ ತುಂಬಿದಾಗ ಅವರಿಗೂ ಮದುವೆ ಮಾಡಿಸಬೇಕು ಎಂಬುದು ಈ ಕಡೆಯ ಕ್ರಮ. ಮಳೆಗಾಲದ ಆಟಿ ತಿಂಗಳಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ ಇಟ್ಟು ಮದುವೆ ಮಾಡುತ್ತಾರೆ. ಅದಕ್ಕೂ ಮೊದಲು ಹೆಣ್ಣು ಕೇಳುವ ಶಾಸ್ತ್ರ ಆಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಸತ್ಯವತಿ ಕಲ್ಲುಗುಂಡಿಯಿಂದ ಎರಡು ಬಸ್ಸು ಹಿಡಿದು ಬೆಳ್ಳಾರೆಗೆ ಬಂದದ್ದು ಅದಕ್ಕೇ.

ಹುಡುಗಿಯ ತಾಯಿ ಊರ್ಮಿಳಾ ಸೆರಗಿನ ತುದಿ ಸುತ್ತುತ್ತ ಕುಳಿತರು. ಬೆಳಿಗ್ಗೆಯೇ ಅವರು ಅಣ್ಣ ತ್ಯಾಂಪಣ್ಣನ ಹತ್ತಿರ ಹೇಳಿದ್ದರು: “ನನಗೆ ಯಶ್ಮಿತಾ ಅಂದರೆ ಈಗಲೂ ಚಡ್ಡಿ ಜಾರುವ ನಾಲ್ಕು ವರ್ಷದ್ದು. ಅಷ್ಟು ಸಣ್ಣದನ್ನು ಇನ್ನೊಬ್ಬರ ಮನೆಗೆ ಕಳಿಸುದು ಹೇಗೆ ಅಣ್ಣ?” ಸಂಬಂಧ ಕುದುರಿಸಿದ್ದು ತ್ಯಾಂಪಣ್ಣನೇ. ಈಗ ಅವರು, “ಮನೆಕೆಲಸ ಎಲ್ಲ ಗೊತ್ತುಂಟು,” ಎಂದು ಹೇಳಿ ತಮ್ಮ ಮಾತು ತಮಗೇ ರುಚಿಸದೆ ಬನ್ಸ್ ಮುರಿದರು.

ಮೂಲೆಯಲ್ಲಿ ಊರ್ಮಿಳಾರ ಮಗ ರಿತೇಶ್ ಕುಳಿತಿದ್ದ. ಪೇಟೆಯಲ್ಲಿ ಅವನದ್ದೊಂದು ಮೋಟಾರು ರಿಪೇರಿ ಅಂಗಡಿ. ಬಿಡುವಾದರೆ ರಾಕೆಟ್ಟಿನ ಕತೆ ಬರೆಯುವ ಹುಚ್ಚು. ಇಂಥ ಮದುವೆಗಳಲ್ಲಿ ಅವನಿಗೆ ನಂಬಿಕೆ ಇರಲಿಲ್ಲ. ಚಾ ಕೊಟ್ಟರೆ ತನ್ನ ಪಾಲಿನ ಕೆಲಸ ಮುಗಿಯಿತು ಎಂದುಕೊಂಡಿದ್ದ. ಆದರೆ ಅಮ್ಮನ ಮುಖ ನೋಡಿದ ಮೇಲೆ ಅವನ ಬಾಯಿ ತಡೆಯಲಿಲ್ಲ.

“ಅವಳು ನೌಕೆ ನಡೆಸ್ತಾಳೆ,” ಎಂದ.

“ಮಂಗಳೂರಿನಲ್ಲಾ?” ಸತ್ಯವತಿ ಕೇಳಿದರು.

“ಅಲ್ಲ. ಆಕಾಶದಲ್ಲಿ.”

“ಸುಮ್ಮನೆ ಕೂತುಕೊ ಮಾರಾಯ,” ಎಂದರು ತ್ಯಾಂಪಣ್ಣ.

ಅವನು ಸುಮ್ಮನೆ ಕೂರುವ ಹಾಗಿರಲಿಲ್ಲ. ತಂಗಿ ಹೋದಾಗ ಅವನಿಗೆ ಏಳು ವರ್ಷ. ಅವಳು ಮೇಲೆ ಹೋದಳು ಎಂದು ಎಲ್ಲರೂ ಹೇಳಿದ್ದರು, ಯಾವುದರಲ್ಲಿ ಹೋದಳು ಎಂದು ಯಾರೂ ಹೇಳಿರಲಿಲ್ಲ. ಶಾಲೆಯ ಲೈಬ್ರರಿಯ ಪುಸ್ತಕವೊಂದರಲ್ಲಿ ಬಾಹ್ಯಾಕಾಶ ನೌಕೆಯ ಚಿತ್ರ ಕಂಡ ದಿನ ಅವನ ಅಳು ನಿಂತಿತು. ಆಮೇಲೆ ಅವನು ಬರೆದ ಕತೆಗಳಲ್ಲೆಲ್ಲ ನೌಕೆಯ ನಾಯಕಿ ಅವಳೇ. ಅವಳ ಹುಟ್ಟಿದ ದಿನ ಬಂದಾಗಲೆಲ್ಲ ಕತೆಯಲ್ಲೂ ಒಂದು ವರ್ಷ ಕೂಡಿಸುತ್ತಿದ್ದ. ಇದನ್ನು ಅವನು ಈವರೆಗೆ ಯಾರಿಗೂ ಹೇಳಿರಲಿಲ್ಲ.

“ಶನಿಗ್ರಹಕ್ಕೆ ಬಳೆ ಉಂಟಲ್ಲ, ಅದು ಪೂರ್ತಿ ಮಂಜುಗಡ್ಡೆ. ಕೆಲವು ತುಂಡು ಈ ಮನೆಯಷ್ಟು ದೊಡ್ಡದು. ಅದರ ಎಡೆಯಲ್ಲಿ ನೌಕೆ ದಾಟಿಸುದು ಅವಳಿಗೆ ಏನೂ ಅಲ್ಲ. ಸಂಪಾಜೆ ಘಾಟಿಯಲ್ಲಿ ನಮ್ಮವರು ಬಸ್ಸು ತಿರುಗಿಸುದಿಲ್ಲವಾ, ಹಾಗೆ. ಅಲ್ಲಿಯ ಒಂದು ಚಂದ್ರನಲ್ಲಿ ಮಳೆ ಬರ್ತದೆ. ನಮ್ಮ ಮಳೆಯ ಹಾಗೆ ಬಡಿಯುದಿಲ್ಲ. ದೊಡ್ಡ ದೊಡ್ಡ ಹನಿ, ಬೂರುಗದ ಹತ್ತಿಯ ಹಾಗೆ ನಿಧಾನಕ್ಕೆ ಇಳೀತದೆ. ಅವಳು ಕೈ ಚಾಚಿ ನಿಲ್ತಾಳೆ. ಒಂದು ಹನಿ ಬಂದು ಕೈಯಲ್ಲಿ ಕೂರುವವರೆಗೆ ಕಾಯಬೇಕು.”

ತ್ಯಾಂಪಣ್ಣನ ಬನ್ಸ್ ಬಾಯಿಗೆ ಹೋಗದೆ ಕೈಯಲ್ಲೇ ಉಳಿಯಿತು. ಇಷ್ಟು ದೊಡ್ಡ ಆಕಾಶ ತಲೆಯ ಮೇಲೆಯೇ ಇತ್ತಲ್ಲ, ತಾನೊಮ್ಮೆಯೂ ಸರಿಯಾಗಿ ನೋಡಲಿಲ್ಲವಲ್ಲ ಎಂದು ಅವರಿಗೆ ಬೆರಗಾಯಿತು.

“ಕೂದಲು?” ಕೇಳಿದ್ದು ಊರ್ಮಿಳಾ. “ಅವಳ ಕೂದಲು ಎಷ್ಟು ಉದ್ದ ಉಂಟು?”

“ಗಿಡ್ಡ ಕತ್ತರಿಸಿದ್ದಾಳೆ ಅಮ್ಮ. ಅಲ್ಲಿ ಕೂದಲು ತೇಲ್ತದೆ, ಕಣ್ಣಿಗೆ ಬರ್ತದೆ.”

“ಅಷ್ಟು ಒಳ್ಳೆ ಕೂದಲು,” ಎಂದು ಊರ್ಮಿಳಾ ಬೇಸರಪಟ್ಟರು. “ಎತ್ತರ?”

ರಿತೇಶ್ ಎದ್ದು ನಿಂತು ತನ್ನ ಕಿವಿಯ ಪಕ್ಕ ಅಂಗೈ ಹಿಡಿದ. “ಇಷ್ಟು ಬರ್ತಾಳೆ.”

ಊರ್ಮಿಳಾ ಆ ಅಂಗೈಯ ಅಡಿಯ ಖಾಲಿ ಜಾಗವನ್ನು ನೆಲದಿಂದ ಮೇಲಿನವರೆಗೆ ನೋಡಿದರು. ಮಗಳನ್ನು ನೋಡಲು ಅವರು ತಲೆ ಎತ್ತಬೇಕಾಗಿ ಬಂದದ್ದು ಅದೇ ಮೊದಲು.

ಸತ್ಯವತಿ ಕಣ್ಣೊರೆಸಿಕೊಂಡರು. “ನಮ್ಮವ ಅಷ್ಟು ಸಣ್ಣದರಲ್ಲೇ ಮನೆಯ ರೇಡಿಯೋ ಬಿಚ್ಚಿ ಹಾಕುತ್ತಿದ್ದ. ಅವನಿಗೆ ಅಲ್ಲಿ ಎಂತಾದರೂ ಕೆಲಸ ಸಿಗಬಹುದಾ ಮಗ?”

ರಿತೇಶ್ ಅವರ ಕಡೆಗೆ ತಿರುಗಿದ. “ನೌಕೆಯ ರೇಡಿಯೋ ಕೆಟ್ಟು ಇಪ್ಪತ್ತೇಳು ವರ್ಷ ಆಯ್ತು,” ಎಂದ. “ಅದಕ್ಕೇ ಅವಳ ಸುದ್ದಿ ಇಲ್ಲಿಗೆ ಬರುದಿಲ್ಲ. ಸರಿ ಮಾಡುವ ಜನ ನನಗೆ ಯಾವ ಕತೆಯಲ್ಲೂ ಸಿಕ್ಕಿರಲಿಲ್ಲ.”

“ಹಾಗಾದರೆ ಈ ಆಟಿಯಲ್ಲೇ ಮುಗಿಸುವ,” ಎಂದರು ಸತ್ಯವತಿ.

ಮದುವೆಯ ಬಟ್ಟೆ ತೆಗೆಯಲು ತಾಯಿ ಮಗ ಪುತ್ತೂರಿಗೆ ಹೋದರು. ಮದುಮಗಳಿಗೆ ಸೀರೆ ಆಯಿತು, ಬಳೆ ಆಯಿತು. ಮತ್ತೆ ಊರ್ಮಿಳಾ ಸ್ವೆಟರ್ ಕೇಳಿದರು. ಪುತ್ತೂರಿನಲ್ಲಿ ಸ್ವೆಟರ್ ಕೇಳುವವರೆಂದರೆ ಮಡಿಕೇರಿಗೆ ಹೊರಟವರು ಮಾತ್ರ. ಅಂಗಡಿಯ ಹುಡುಗಿ ಕೆಳಗಿನ ಕಪಾಟಿನಿಂದ ನಾಲ್ಕು ತಂದು ಧೂಳು ಕೊಡವಿದಳು.

“ಯಾರಿಗೆ ಅಕ್ಕ, ಸಣ್ಣ ಮಕ್ಕಳಿಗಾ?”

ಊರ್ಮಿಳಾ ಮಗನ ಕಿವಿಯ ಪಕ್ಕ ಅಂಗೈ ಹಿಡಿದರು. “ಅಲ್ಲ, ಮಗಳಿಗೆ. ಇಷ್ಟು ಎತ್ತರ ಇದ್ದಾಳೆ. ಉದ್ದ ತೋಳಿನದ್ದೇ ಕೊಡು. ಅವಳಿರುವಲ್ಲಿ ಚಳಿ ಜಾಸ್ತಿ, ಅದರಲ್ಲಿ ಮಳೆಗೆ ಕೈ ಚಾಚಿ ನಿಲ್ಲುದು ಬೇರೆ.”